ಹದಿನೇಳನೇ ನಂಬರಿನ ಹೆಲ್ಮೆಟ್

"ಲೇ ಕತ್ತೆ ಮುಂಡೇವಾ, ಹೆಲ್ಮೆಟ್ ಬದಲಾಯಿಸೋಕೂ ನಿಮ್ಮಪ್ಪ ಬರಬೇಕೇನ್ರೋ? ಐದು ನಿಮಿಷ ಆಯ್ತು! ಅಷ್ಟೊತ್ತಿಗೆ ಮೇಡಂ ನಾಲ್ಕನೇ ಮಹಡಿ ಹತ್ತಿ, ಇಳಿದು, ಮನೆಗೂ ಹೋಗಿರ್ತಾರೆ!"

ಮೇಸ್ತ್ರಿ ಕೈಗಡಿಯಾರ ನೋಡಿಕೊಂಡು ಕುಣಿಯುತ್ತಿದ್ದ. ಬೆಳಿಗ್ಗೆಯಿಂದ ಇದು ನಮ್ಮ ನಾಲ್ಕನೇ ಅಭ್ಯಾಸದ ಓಟ. ಹಳದಿ ಹೆಲ್ಮೆಟ್ ಕೆಳಗೇ ಬಿಟ್ಟು ಹಿಂದಿನ ಮೆಟ್ಟಿಲಿನಲ್ಲಿ ನಾಲ್ಕನೇ ಮಹಡಿಗೆ ಓಡಬೇಕು, ಅಲ್ಲಿ ನೀಲಿಯದು ಹಾಕಿಕೊಳ್ಳಬೇಕು. ಗಂಡಸರು ಅಂಗಿ ಬದಲಾಯಿಸಬೇಕು, ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟಬೇಕು. ಒಟ್ಟಿನಲ್ಲಿ ಬೇರೆ ಯಾರೋ ಆಗಿಬಿಡಬೇಕು.

ವಿಷಯ ಇಷ್ಟೇ. ಕಾಗದದ ಮೇಲೆ ನಾವು ಅರವತ್ತನಾಲ್ಕು ಜನ. ಸೈಟಿನಲ್ಲಿದ್ದದ್ದು ಮೂವತ್ತೆರಡು. ಇಲ್ಲದ ಮೂವತ್ತೆರಡು ಜನರ ಕೆಲಸವನ್ನು ಮೊದಲಿನಿಂದಲೂ ನಮ್ಮ ಕೈಲೇ ಮಾಡಿಸುತ್ತಿದ್ದರು. ಈಗ ಹೆಡ್ಡಾಫೀಸಿನ ಮೇಡಂ ತಲೆ ಎಣಿಸಲು ಬರುತ್ತಾರೆಂದು ಸುದ್ದಿ ಬಂದಿತ್ತು. ಹಾಗಾಗಿ ಆ ಇಲ್ಲದವರ ತಲೆಗಳನ್ನೂ ನಾವೇ ಹೊರಬೇಕಾಯಿತು.

ಈ ಉಪಾಯ ಪ್ಲಾನ್ ಸಾಹೇಬರದು. ಯಾರು ಯಾವ ದಿನ ಎಲ್ಲಿ ದುಡಿಯಬೇಕೆಂದು ಗೊತ್ತುಮಾಡುವುದು ಅವರ ಕೆಲಸ. ಅವರ ತಗಡಿನ ಆಫೀಸಿನ ಗೋಡೆ ತುಂಬ ಒಂದು ಚಾರ್ಟು, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೀಟಿ. ಚೀಟಿಗೆ ಸುಸ್ತಾಗುವುದಿಲ್ಲ, ಚೀಟಿ ಒಂದಕ್ಕೆ ಹೋಗಬೇಕು ಎನ್ನುವುದಿಲ್ಲ. ಅದಕ್ಕೇ ಅವರಿಗೆ ನಮಗಿಂತ ಚೀಟಿಗಳ ಮೇಲೆ ಪ್ರೀತಿ ಜಾಸ್ತಿ.

ನೀಲಿ ಹೆಲ್ಮೆಟ್ ಹಂಚುವಾಗ ನನಗೆ ಬಂದದ್ದು ಹದಿನೇಳನೇ ನಂಬರು. ಚಾರ್ಟಿನಲ್ಲಿ ಅದರ ಎದುರು ಯಾರಿದ್ದಾರೆಂದು ಕಣ್ಣಾಡಿಸಿದೆ. ನನ್ನ ಓದು ಅಷ್ಟಕ್ಕಷ್ಟೇ. ಆದರೆ ನನ್ನ ಗಂಡನ ಹೆಸರು ಎಲ್ಲಿದ್ದರೂ ಗುರುತು ಸಿಗುತ್ತದೆ. ಮೂರು ವಾರದಿಂದ ಆಸ್ಪತ್ರೆಯ ಕಾಗದಗಳಲ್ಲಿ ಅದನ್ನೇ ನೋಡುತ್ತಿದ್ದೇನೆ.

ನನ್ನ ಗಂಡ ಇದೇ ಕಟ್ಟಡಕ್ಕೆ ಕಂಬಿ ಕಟ್ಟುತ್ತಿದ್ದವನು. ಎರಡನೇ ಮಹಡಿಯಿಂದ ಹಲಗೆ ಸಮೇತ ಬಿದ್ದು ಕಾಲು ಮುರಿದುಕೊಂಡ. ಜೀವಮಾನವಿಡೀ ಕಂಬಿ ಕಟ್ಟಿದವನ ಕಾಲಿಗೆ ಈಗ ಒಂದು ಕಂಬಿ ಹಾಕಬೇಕು ಎಂದರು ಡಾಕ್ಟರು. ಅದರ ಖರ್ಚು ಕಂಪನಿಯಿಂದ ಬರಬೇಕಾದರೆ, ಇವನು ನಮ್ಮ ಕೆಲಸದವನು ಎಂದು ಸೈಟಿನವರು ಬರೆದುಕೊಡಬೇಕು. ಇಲ್ಲದಿದ್ದರೆ ಕಾಲು ಸೊಟ್ಟಗೇ ಕೂಡಿಕೊಳ್ಳುತ್ತದಂತೆ. ಮೂರು ಸಲ ಹೋಗಿ ಕೇಳಿದ್ದೆ. ಮೂರು ಸಲವೂ ಪ್ಲಾನ್ ಸಾಹೇಬರು ಚಾರ್ಟು ತೋರಿಸಿ, "ಅಂಥ ಹೆಸರಿನವನು ನಮ್ಮಲ್ಲಿ ಇಲ್ಲವಲ್ಲಮ್ಮ" ಎಂದಿದ್ದರು.

ಈಗ ಇದ್ದ. ಮೂರು ವಾರವೂ ಹಾಜರು. ಭಾನುವಾರ ಕೂಡ ರಜೆ ಹಾಕಿರಲಿಲ್ಲ ನನ್ನ ರಾಜ.

"ಸಾಹೇಬ್ರೇ, ಇದು ನನ್ನ ಗಂಡನ ಹೆಸರಲ್ವಾ?"

"ಬರೀ ಹೆಸರಮ್ಮ. ಯಾರದಾದ್ರೂ ಒಂದು ಹಾಕ್ಬೇಕಿತ್ತು, ಹಾಕಿದೀನಿ. ಇವತ್ತೊಂದಿನ ಇರ್ತಾನೆ."

"ನಾಳೆ?"

"ನಾಳೆ ಇರಲ್ಲ. ನೀನು ಓಡು ಈಗ. ನಿನ್ನಿಂದಾನೇ ಲೇಟಾಗ್ತಿರೋದು."

ಊಟದ ಹೊತ್ತಿಗೆ ನಮ್ಮ ಶೆಡ್ಡಿಗೆ ಹೋದಾಗ ಮಿಕ್ಸರ್ ಓಡಿಸುವ ಅಣ್ಣನೂ ಇನ್ನು ನಾಲ್ಕು ಜನರೂ ಹಿಂದೆ ಬಂದರು. ಗಂಡ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದ.

"ಏಳಯ್ಯಾ, ನಿಂಗೆ ಡ್ಯೂಟಿ ಇದೆ" ಎಂದೆ.

ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ. "ಯಾವ ಮಹಡಿ?"

"ನಾಲ್ಕು."

"ಪರವಾಗಿಲ್ವೇ! ಬೀಳೋವಾಗ ಎರಡರಲ್ಲಿದ್ದೆ. ಮಲಗಿದ್ದಲ್ಲೇ ಮೇಲೆ ಹೋಗಿದೀನಿ."

"ಬಿಡ್ತು ಅನ್ನು" ಎಂದು ಗದರಿದೆ.

ಮೆಟ್ಟಿಲು ಹತ್ತಿಸುವ ಹಾಗಿರಲಿಲ್ಲ. ಇಟ್ಟಿಗೆ ಎತ್ತುವ ಲಿಫ್ಟಿಗೆ 'ಮನುಷ್ಯರು ಹತ್ತಬಾರದು' ಎಂದು ಬೋರ್ಡು ಹಾಕಿದ್ದರು. "ಸಾಹೇಬ್ರು ಹೇಳಿಲ್ವಾ, ಇವನು ಬರೀ ಹೆಸರು ಅಂತ? ಹೆಸರು ಹತ್ತಬಹುದು" ಎಂದು ಮಿಕ್ಸರ್ ಅಣ್ಣ ಅವನನ್ನು ಎತ್ತಿ ಕೂರಿಸಿದ. ಮೇಸ್ತ್ರಿ ಗೇಟಿನಲ್ಲಿ ಕಾರಿನ ದಾರಿ ಕಾಯುತ್ತಿದ್ದ. ನಾಲ್ಕನೇ ಮಹಡಿಯ ಸಿಮೆಂಟು ಚೀಲಗಳ ಮೇಲೆ ಗಂಡನನ್ನು ಕೂರಿಸಿ, ನನ್ನ ನೀಲಿ ಹೆಲ್ಮೆಟ್ ಅವನ ತಲೆಗಿಟ್ಟು, ಮೇಲೆ ಟಾರ್ಪಾಲು ಹೊದಿಸಿದೆವು.

ಮೇಡಂ ಬಂದರು. ಕೆಳಗೆ ಮೂವತ್ತೆರಡು ಹಳದಿ ಎಣಿಸಿದರು. ಪ್ಲಾನ್ ಸಾಹೇಬರು ನಕ್ಷೆ ಬಿಚ್ಚಿ ಅವರನ್ನು ಮಾತಿಗೆಳೆದರು. ನಾವು ಓಡಿದೆವು. ಈ ಸಲ ಹಳದಿ ಹೆಲ್ಮೆಟ್ಟುಗಳನ್ನು ಕೆಳಗೆ ಬಿಡದೆ ಬಾಂಡ್ಲಿಗಳಿಗೆ ತುಂಬಿ, ಗೋಣಿ ಮುಚ್ಚಿ, ಹೊತ್ತುಕೊಂಡೇ ಹತ್ತಿದೆವು.

ಮೇಲೆ ಮೇಡಂ ಪಟ್ಟಿ ಹಿಡಿದು ನಂಬರು ಕೂಗತೊಡಗಿದರು. ಒಬ್ಬೊಬ್ಬರೂ ಹೊಸ ದನಿ ಮಾಡಿ ಓಗೊಟ್ಟರು. ಮಿಕ್ಸರ್ ಅಣ್ಣ ಮಾತ್ರ ಏದುಸಿರಿಗೆ ದನಿಯೇ ಹೊರಡದೆ ಕೈ ಎತ್ತಿದ.

"ಹದಿನೇಳು?"

ನಾನು ಟಾರ್ಪಾಲು ಎಳೆದೆ.

"ಹಾಜರು ಮೇಡಂ" ಎಂದ ನನ್ನ ಗಂಡ, ಪ್ಲಾಸ್ಟರಿನ ಕಾಲನ್ನು ಮುಂದೆ ಚಾಚಿಕೊಂಡು. "ಎದ್ದು ನಿಲ್ಲೋಕಾಗಲ್ಲ. ಇಲ್ಲೇ ಕೆಲಸ ಮಾಡ್ತಾ ಬಿದ್ದಿದ್ದು."

ಮೇಡಂ ಪ್ಲಾನ್ ಸಾಹೇಬರ ಕಡೆ ತಿರುಗಿದರು. "ಇವರು ನಿಮ್ಮ ಕೆಲಸದವರಾ?"

ಇಲ್ಲ ಎಂದರೆ ಪಟ್ಟಿ ಸುಳ್ಳಾಗುತ್ತದೆ. ಹೌದು ಎಂದರೆ ಬರೆದುಕೊಡಬೇಕಾಗುತ್ತದೆ. ಸಾಹೇಬರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಪಕ್ಕದ ಕಂಬವನ್ನು ಇವತ್ತೇ ಮೊದಲ ಸಲ ಕಂಡವನ ಹಾಗೆ ನೋಡುತ್ತ ನಿಂತಿದ್ದ.

"ಹೌದು ಮೇಡಂ" ಎಂದರು ಸಾಹೇಬರು. "ತುಂಬಾ ಒಳ್ಳೆ ಕೆಲಸಗಾರ."

ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆಸ್ಪತ್ರೆಯ ಫಾರಂ ತೆಗೆದೆ. "ಹಾಗಾದ್ರೆ ಅದನ್ನೇ ಇಲ್ಲಿ ಬರೆದುಬಿಡಿ ಸಾಹೇಬ್ರೇ. ಮೂರು ಸಲ ಮರೆತಿದ್ರಿ."

ಬರೆದರು. ಸಹಿ ಹಾಕಿದರು. ಮೊಹರು ಆಫೀಸಿನಲ್ಲಿತ್ತು, ತರಲು ಮೇಸ್ತ್ರಿ ಓಡಿದ, ಅದೇ ಹಿಂದಿನ ಮೆಟ್ಟಿಲಿನಲ್ಲಿ. ಐದು ನಿಮಿಷಕ್ಕೆ ಅವನೂ ಬರಲಿಲ್ಲ. ಮೊಹರು ಬಿದ್ದ ಮೇಲೆ ಮಿಕ್ಸರ್ ಅಣ್ಣ ಫಾರಂ ಓದಿ, ಸರಿಯಿದೆ ಎಂದು ತಲೆಯಾಡಿಸಿದ. ಕಾಗದ ನನ್ನ ಕುಪ್ಪಸದೊಳಗೆ ಹೋಯಿತು.

ಸಾಹೇಬರು ಬೆವರು ಒರೆಸಿಕೊಂಡು, "ಮುಂದಕ್ಕೆ ಹೋಗೋಣ ಮೇಡಂ. ಹದಿನೆಂಟು!" ಎಂದು ತಾವೇ ಕೂಗಿದರು.

ಹದಿನೆಂಟು ಓಗೊಡಲಿಲ್ಲ. ಅವಳು ನೀಲಿ ಹೆಲ್ಮೆಟ್ ತೆಗೆದು ನೆಲಕ್ಕಿಟ್ಟು, ಗೋಣಿ ಸರಿಸಿ, ತನ್ನ ಹಳದಿಯದನ್ನು ಹಾಕಿಕೊಂಡಳು. ಹತ್ತೊಂಬತ್ತೂ ಹಾಗೇ ಮಾಡಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅಷ್ಟರಲ್ಲಿ ಮಿಕ್ಸರ್ ಅಣ್ಣನ ಉಸಿರು ಹದಕ್ಕೆ ಬಂದಿತ್ತು.

"ಈಗ ಎಣಿಸಿ ಮೇಡಂ" ಎಂದ. "ನಿಧಾನಕ್ಕೆ ಎಣಿಸಿ. ಈ ಸಲ ನಾವು ಓಡಲ್ಲ."