ಹಿರಿಯರ ಬೆಂಚು

ಊರಿನ ಪುಟ್ಟ ಚರ್ಚಾದ ಚಾಪೆಲ್ಲಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಮೇನಿರ್ ಮೂರು ಸಲ ಓದಿದಳು. ಸಭೆಯಲ್ಲಿ ಉಳಿದವರು ಹನ್ನೊಂದೇ ಜನ, ಮಾಡು ಸೋರುತ್ತಿದೆ, ದುರಸ್ತಿ ನಮ್ಮ ಕೈಲಾಗುವುದಿಲ್ಲ, ಹಾಗಾಗಿ ಮಾರ್ಚಿಗೆ ಬಾಗಿಲು ಮುಚ್ಚುತ್ತೇವೆ. ಒಳಗಿನ ಮರದ ಸಾಮಾನು ಬೇಕಾದವರು ಬಂದು ಕೇಳಬಹುದು, ಊರಿನವರಿಗೇ ಮೊದಲು. ಕೆಳಗೆ ದುಂಡನೆಯ ಅಕ್ಷರದಲ್ಲಿ ಸಹಿ: ಡಿಲಿಸ್ ಪ್ಯಾರಿ, ಕಾರ್ಯದರ್ಶಿ.

ಶಾಲೆಯ ಅಡುಗೆಮನೆಯಲ್ಲಿ ಅರವತ್ತು ಮಕ್ಕಳಿಗೆ ಬೇಯಿಸಿ ಬಡಿಸಿ ದಣಿದಿದ್ದ ಕಾಲುಗಳು ಅವತ್ತು ಏರುದಾರಿಯನ್ನು ಓಡುತ್ತಲೇ ಹತ್ತಿದವು. ಹಿತ್ತಲಲ್ಲಿ ಗಂಡ ಇದ್ವಾಲ್ ಯಾರೋ ಎಸೆದಿದ್ದ ಏಣಿಯನ್ನು ಬಟ್ಟೆ ಒಣಗಿಸುವ ಚೌಕಟ್ಟು ಮಾಡುತ್ತಾ ಕೂತಿದ್ದ.

"ಅದನ್ನ ಆಮೇಲೆ ಮಾಡು," ಅಂದಳು ಮೇನಿರ್. "ಹಿರಿಯರ ಬೆಂಚು ಮಾರಾಟಕ್ಕೆ ಬಂದಿದೆ. ಅದು ನಂಗೆ ಬೇಕು."

ಇದ್ವಾಲ್ ಸುತ್ತಿಗೆ ಕೆಳಗಿಟ್ಟ. "ಯಾವ ಬೆಂಚೇ?"

"ಯಾವ ಬೆಂಚು ಅಂತ ನಿಂಗೊತ್ತು."

ಗೊತ್ತಿತ್ತು. ಉತ್ತರ ವೇಲ್ಸಿನ ಆ ಸ್ಲೇಟುಕಲ್ಲಿನ ಕಣಿವೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಪಾದ್ರಿ ನಿಂತು ಬೋಧಿಸುವ ಪೀಠದ ಬುಡದಲ್ಲಿ, ಜನರಿಗೆ ಮುಖ ಮಾಡಿ, ಅರ್ಧಚಂದ್ರದ ಹಾಗೆ ಬಾಗಿದ ಬೆಂಚು ಅದು. ಅದಕ್ಕೊಂದು ಗೇಟು. ಸಭೆಯ ಆರು ಜನ ಹಿರಿಯರನ್ನು ಬಿಟ್ಟರೆ ಇನ್ಯಾರೂ ಅಲ್ಲಿ ಕೂರುವಂತಿರಲಿಲ್ಲ. ಮೂವತ್ತೆಂಟನೇ ಇಸವಿಯ ಒಂದು ಭಾನುವಾರ ಸಂಜೆ ಮೇನಿರಳ ತಾಯಿ ಮಾರ್ಗೆಡ್‌ಳನ್ನು ಆ ಬೆಂಚಿನ ಮುಂದೆ ನಿಲ್ಲಿಸಿದ್ದರು. ಇಪ್ಪತ್ತು ವರ್ಷದ ಹುಡುಗಿ, ಮದುವೆಯಾಗಿರಲಿಲ್ಲ, ಐದು ತಿಂಗಳು ತುಂಬಿತ್ತು. ಮಗುವಿನ ತಂದೆ ಎಲ್ಲಿಂದಲೋ ಗಣಿ ಕೆಲಸಕ್ಕೆ ಬಂದವನು, ಬಂದ ಹಾಗೆಯೇ ಹೊರಟುಹೋಗಿದ್ದ. ಇವಳನ್ನು ಸಭೆಯಿಂದ ಹೊರಹಾಕಲು ಒಪ್ಪುವವರು ಕೈ ಎತ್ತಿ ಎಂದು ಪಾದ್ರಿ ಕೇಳಿದರು. ಬೆಂಚಿನ ಮೇಲಿದ್ದ ಆರು ಜನರಲ್ಲಿ ಒಬ್ಬ ಮಾರ್ಗೆಡ್‌ಳ ಸ್ವಂತ ಅಪ್ಪ. ಒಂದು ಗಳಿಗೆ ಯಾರೂ ಅಲ್ಲಾಡಲಿಲ್ಲ. ಮೊದಲು ಎದ್ದದ್ದು ಮೂರನೇ ಸಾಲಿನಿಂದ, ಕಪ್ಪು ಗ್ಲೌಸು ಹಾಕಿದ ಒಂದು ಕೈ. ಅದು ಮಾರ್ಗೆಡ್‌ಳ ಅಕ್ಕ ಡಿಲಿಸ್‌ಳದು. ಅದನ್ನು ನೋಡಿಕೊಂಡು ಉಳಿದ ಕೈಗಳು ಎದ್ದವು. ಅಪ್ಪನದೂ ಎದ್ದಿತು.

ಆ ಹೊಟ್ಟೆಯೊಳಗಿದ್ದವಳೇ ಮೇನಿರ್. ಮಾರ್ಗೆಡ್ ಊರವರ ಬಟ್ಟೆ ಒಗೆದು ಅವಳನ್ನು ಸಾಕಿದಳು. ಡಿಲಿಸ್ ಅಂಗಡಿಯ ಪ್ಯಾರಿಯನ್ನು ಮದುವೆಯಾಗಿ, ಆತ ಹಿರಿಯನಾದ ಮೇಲೆ ಚಾಪೆಲ್ಲಿನಲ್ಲಿ ಆರ್ಗನ್ ನುಡಿಸುತ್ತಾ, ಕೊನೆಗೆ ವಿಧವೆಯಾಗಿ ಆ ಚಾಪೆಲ್ಲಿನ ಬೀಗದ ಕೈಯನ್ನೇ ಇಟ್ಟುಕೊಂಡವಳು. ನಲವತ್ತೆಂಟು ವರ್ಷ ಒಂದೇ ಬೀದಿಯ ಎರಡು ತುದಿಯಲ್ಲಿದ್ದರೂ ಅಕ್ಕ ತಂಗಿ ಒಂದು ಮಾತಾಡಲಿಲ್ಲ. ಮೇನಿರ್ ಆಕೆಯನ್ನು ದೊಡ್ಡಮ್ಮ ಅಂದವಳೇ ಅಲ್ಲ. ಮಿಸೆಸ್ ಪ್ಯಾರಿ, ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಚಾಪೆಲ್ಲಿನೊಳಗೆ ಕಾಲಿಟ್ಟಳು, ಹುಟ್ಟಿದ ಮೇಲೆ ಮೊದಲನೇ ಸಲ. ಡಿಲಿಸ್ ಹಾಡಿನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಎಪ್ಪತ್ತೊಂದಾದರೂ ನೆಟ್ಟಗಿದ್ದ ಬೆನ್ನು. ಮಂಡಿ ಮಾತ್ರ ಕೈಕೊಟ್ಟು, ಕೋಲು ಬಂದಿತ್ತು.

"ಏನು ಬೇಕಿತ್ತು?"

"ಹಿರಿಯರ ಬೆಂಚು, ಗೇಟಿನ ಸಮೇತ. ಅದರ ಮೇಲಿನ ಕೆಂಪು ಮೆತ್ತೆ. ಹಾಡಿನ ನಂಬರು ಹಾಕೋ ಹಲಗೆ. ಮೂರನೇ ಸಾಲಿನ ಬೆಂಚೊಂದು."

"ಹಿರಿಯರ ಬೆಂಚನ್ನ ಸಮುದ್ರದ ಕಡೆ ಹೋಟೆಲಿನೋರು ಕೇಳಿದಾರೆ."

"ಊರಿನವರಿಗೇ ಮೊದಲು ಅಂತ ನೀವೇ ಬರೆದು ಅಂಟಿಸಿದೀರಿ. ನಾನು ಊರಿನವಳಲ್ವಾ ಮಿಸೆಸ್ ಪ್ಯಾರಿ?"

ಹಿಂದೆ ಪೆಟ್ಟಿಗೆ ಕಟ್ಟುತ್ತಿದ್ದ ಇಬ್ಬರು ಮುದುಕರು ಕೆಮ್ಮಿದರು. ಡಿಲಿಸ್‌ಳ ಕೆನ್ನೆ ಕೆಂಪಾಯಿತು.

"ಅಷ್ಟುದ್ದದ್ದು ತಗೊಂಡು ಏನು ಮಾಡ್ತೀಯ? ನಿಮ್ಮನೇಲಿ ಜಾಗ ಎಲ್ಲಿದೆ?"

"ಕುಯ್ದರೆ ಹಿಡಿಸತ್ತೆ."

ಮನೆಯೆಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲೊಂದು, ಕೆಳಗೆ ಎರಡು ಕೋಣೆ, ಮೇಲೆ ಎರಡು. ಅದರಲ್ಲಿ ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗಳು ನೆಸ್ಟ್, ಅಜ್ಜಿ ಮಾರ್ಗೆಡ್, ಒಂದು ನಾಯಿ. ಅಂಗಡಿಯಿಂದ ತಂದ ಸಾಮಾನು ಆ ಮನೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಗಣಿಯ ಸಿಡಿಮದ್ದಿನ ಪೆಟ್ಟಿಗೆಗಳು ಗೋಡೆಗೇರಿ ಕಪಾಟಾಗಿದ್ದವು, 'ಬೆಂಕಿ ತಾಗಿಸಬೇಡಿ' ಎಂಬ ಅಕ್ಷರದ ಸಮೇತ. ಸೈನ್ಯದ ಕಂಬಳಿಗಳು ಪರದೆಯಾಗಿದ್ದವು. ಒಲೆಯ ಮುಂದಿನ ಚಾಪೆಗೆ ಮಾರ್ಗೆಡ್ ಹರಿದ ಕೋಟುಗಳ ಚಿಂದಿಯನ್ನು ಗೋಣಿಯ ಮೇಲೆ ಒಂದೊಂದಾಗಿ ಪೋಣಿಸಿದ್ದಳು. ಗಣಿ ಮುಚ್ಚಿದ ಮೇಲೆ ಇದ್ವಾಲನ ಕೈಗೆ ಸಿಕ್ಕಿದ್ದೆಲ್ಲ ಇನ್ನೊಂದೇನೋ ಆಗುತ್ತಿತ್ತು. ಬಂದವರು ಮೆಚ್ಚಿ ತಲೆದೂಗುತ್ತಿದ್ದರು, ಮೇನಿರ್ ಹಿಗ್ಗುತ್ತಿದ್ದಳು.

ಆದರೆ ಈ ಸಲ ಎಲ್ಲಿ ಏನು ಇಡಬೇಕು ಅಂತ ಅವಳು ಲೆಕ್ಕ ಹಾಕಿದ್ದು ಚಂದಕ್ಕಲ್ಲ. ಹಿರಿಯರ ಬೆಂಚನ್ನು ನಡುವೆ ಕುಯ್ಯಿಸಿ ಅಡುಗೆಮನೆಯ ಊಟದ ಮೇಜಿನ ಎರಡೂ ಕಡೆಗೆ ಹಾಕಿಸಿದಳು. ಕೆಂಪು ಮೆತ್ತೆಯನ್ನು ಕತ್ತರಿಸಿ ನಾಯಿಗೆ ಹಾಸಿದಳು. ಹಾಡಿನ ನಂಬರಿನ ಹಲಗೆಯಲ್ಲಿ ಇನ್ನು ಮುಂದೆ ಪಾತ್ರೆ ತೊಳೆಯುವ ಸರದಿ ಯಾರದೆಂದು ತೋರಿಸಬೇಕಿತ್ತು. ಮೂರನೇ ಸಾಲಿನ ಬೆಂಚನ್ನು ಬಾಗಿಲ ಬಳಿ ಕೆಸರು ಬೂಟು ಇಡಲು ಹಾಕಿಸಿದಳು. ಗೇಟು ಉಳಿಯಿತು.

"ಇದನ್ನ ಹಿತ್ತಲ ಕಕ್ಕಸಿಗೆ ಬಾಗಿಲಾಗಿ ಹಾಕು," ಅಂದಳು. "ಗಿಡ್ಡ ಆಯ್ತು ಅಂದ್ರೆ ಮೇಲೆರಡು ಹಲಗೆ ಸೇರಿಸು."

ಇದ್ವಾಲ್ ಗೇಟನ್ನು ಸವರಿದ. ನೂರು ವರ್ಷ ಕೈಯಾಡಿ ಮರ ಗಾಜಿನ ಹಾಗಿತ್ತು. "ಮೇನಿರ್, ಎಷ್ಟಂದ್ರೂ ದೇವರ ಸಾಮಾನು ಕಣೇ."

"ಅವತ್ತು ದೇವರು ಕೈ ಎತ್ತಿರಲಿಲ್ಲ. ಅವನ ಮೇಲೆ ನಂಗೆ ಸಿಟ್ಟಿಲ್ಲ. ಹಾಕು."

ಹಾಕಿದ. ಮೇನಿರಳ ಮನಸ್ಸಿನಲ್ಲಿ ಇನ್ನೊಂದು ಮಾತಿತ್ತು, ಗಂಡನಿಗೂ ಹೇಳಿರಲಿಲ್ಲ: ಡಿಲಿಸ್‌ಳನ್ನು ಚಹಾಕ್ಕೆ ಕರೆಯಬೇಕು. ಎರಡು ದೊಡ್ಡ ಕಪ್ ಕುಡಿಸಬೇಕು. ಆ ವಯಸ್ಸಿನವಳು ಮನೆಗೆ ಹೋಗುವ ಮೊದಲು ಹಿತ್ತಲಿಗೆ ಹೋಗಲೇಬೇಕಲ್ಲ. ಅವರಪ್ಪ ವಾರವಾರ ಹಿಡಿದು ಎಳೆದ ಗೇಟನ್ನು ಅವಳೂ ಹಿಡಿದು ಎಳೆಯಲಿ.

ಮಾರ್ಗೆಡ್ ಆ ವಾರವೆಲ್ಲ ನೆಗಡಿ ಕೆಮ್ಮು ಅಂತ ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಗರಗಸದ ಸದ್ದು ಕೇಳಿಸಿತ್ತು, ಏನೆಂದು ಕೇಳಿರಲಿಲ್ಲ. ಎದ್ದು ಇಳಿದು ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೇನಿರ್ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅಳಬಹುದು, ನಗಬಹುದು, ಏನಾದರೂ ಅನ್ನಬಹುದು ಅಂದುಕೊಂಡಿದ್ದಳು. ಮಾರ್ಗೆಡ್ ತಟ್ಟೆ ತೆಗೆದುಕೊಂಡು ಒಲೆಯ ಪಕ್ಕ ನಿಂತೇ ಊಟ ಮಾಡಿದಳು. ಮಾರನೆಯ ದಿನವೂ ನಿಂತೇ. ಅದರ ಮಾರನೆಯ ದಿನವೂ.

ಮೇನಿರಳಿಗೆ ತಡೆಯಲಾಗಲಿಲ್ಲ. "ಅಮ್ಮಾ, ನಿಂಗೋಸ್ಕರ ತಂದಿದ್ದು. ಬೇಡ ಅಂದ್ರೆ ಹೇಳು, ಒಲೆಗೆ ಹಾಕ್ತೀನಿ."

"ಸುಡಬೇಡ." ಮಾರ್ಗೆಡ್ ಹತ್ತಿರ ಬಂದು ಬೆಂಚಿನ ಬೆನ್ನಿನ ಮೇಲೆ ಬೆರಳಿಟ್ಟಳು, ಒಂದು ತುದಿಯಿಂದ ಸರಿಸುತ್ತಾ ಹೋದಳು. "ಇಲ್ಲಿ ಹಗ್ಗದ ಅಂಗಡಿಯೋನು. ಇಲ್ಲಿ ಮೇಷ್ಟ್ರು, ಅವನು ಪೂರ್ತಿ ಹೊತ್ತೂ ಚಾವಣಿ ನೋಡ್ತಾ ಇದ್ದ. ಇಲ್ಲಿ ನಮ್ಮಪ್ಪ." ಬೆರಳು ನಿಂತಿತು. "ಡಿಲಿಸ್‌ನ ಕರಿ. ಶನಿವಾರ, ಚಹಾಕ್ಕೆ."

ಮೇನಿರ್ ಬೆಚ್ಚಿದಳು. ತನ್ನ ಹೊಟ್ಟೆಯೊಳಗಿನ ಮಾತು ಇವಳಿಗೆ ಹೇಗೆ ಗೊತ್ತಾಯಿತು! "ನಾನೂ ಅದನ್ನೇ..."

"ನೀನಲ್ಲ. ನಾನು ಕರೀತಿದೀನಿ ಅಂತ ಹೇಳು. ಬರ್ತಾಳೆ."

ಬಂದಳು. ಶನಿವಾರ ಮೂರಕ್ಕೆ ಸರಿಯಾಗಿ, ಟೋಪಿ, ಗ್ಲೌಸು, ಕೈಯಲ್ಲಿ ಡಬ್ಬಿ. ಒಣದ್ರಾಕ್ಷಿ ಹಾಕಿ ತಾನೇ ಮಾಡಿದ ಬಾರಾಬ್ರಿತ್ ಬ್ರೆಡ್ಡು ಅದರಲ್ಲಿ. ಕಣ್ಣಂಚು ಆಗಲೇ ಒದ್ದೆ. ಬಾಗಿಲಲ್ಲೇ ಬೂಟುಗಳ ಕೆಳಗಿದ್ದ ಬೆಂಚಿನ ಗುರುತು ಹತ್ತಿತು. ಆ ಬೆಂಚಿನಿಂದಲೇ ಅವಳು ಅವತ್ತು ಕೈ ಎತ್ತಿದ್ದಳು. ನಾಯಿ ಮಲಗಿದ್ದ ಮೆತ್ತೆ ಕಂಡಿತು. ಗೋಡೆಯ ಹಲಗೆ ಕಂಡಿತು. ಒದ್ದೆ ಕಣ್ಣು ಒಣಗಿತು. ಆದರೂ ತಿರುಗಿ ಹೋಗಲಿಲ್ಲ.

ನೆಸ್ಟ್‌ಳನ್ನು ಗೆಳತಿಯ ಮನೆಗೆ ಕಳಿಸಿದ್ದರು. ಅಡುಗೆಮನೆಯಲ್ಲಿ ಮಾರ್ಗೆಡ್ ಅಪ್ಪನ ಜಾಗದಲ್ಲಿ ಕೂತಿದ್ದಳು. ಅವಳು ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು.

"ಹೇಗಿದೀಯ ಮಾರ್ಗೆಡ್?" ಅಂದಳು ಡಿಲಿಸ್, ಕುರ್ಚಿಯ ಕಡೆ ಕೈ ಚಾಚುತ್ತಾ.

"ಅಲ್ಲೇ ನಿಲ್ಲು."

"ಏನು?"

"ಅಲ್ಲೇ. ಮೇಜಿನ ಮುಂದೆ. ನನ್ನನ್ನ ನಿಲ್ಲಿಸಿದ್ದೂ ಅಷ್ಟೇ ದೂರದಲ್ಲಿ."

ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು. ಮೇನಿರ್ ಅದನ್ನು ಇಳಿಸಲು ಹೋಗಲಿಲ್ಲ. ಇದ್ವಾಲ್ ಕೈಯಲ್ಲಿದ್ದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

"ನನ್ನ ಮಂಡಿ ಸರಿ ಇಲ್ಲ ಕಣೇ," ಅಂದಳು ಡಿಲಿಸ್.

"ಅವತ್ತು ನನ್ನ ಬೆನ್ನು ಸೀಳಿ ಹೋಗ್ತಿತ್ತು. ಎರಡು ಹಾಡು, ಒಂದು ಪ್ರಾರ್ಥನೆ, ಆಮೇಲೆ ಅವರ ಪ್ರಶ್ನೆ. ಯಾವನ ಜೊತೆ, ಎಲ್ಲಿ, ಎಷ್ಟು ಸಲ ಅಂತ. ಅಪ್ಪ ಕೂತು ಕೇಳ್ತಿದ್ದ. ನಾನು ಅಷ್ಟೆಲ್ಲ ಕೇಳಲ್ಲ. ನಂದು ಒಂದೇ ಪ್ರಶ್ನೆ. ನೀನು ಎತ್ತೋವರೆಗೂ ಅಪ್ಪ ಕೈ ಎತ್ತಿರಲಿಲ್ಲ ಡಿಲಿಸ್. ಮಂಡಿ ಮೇಲಿತ್ತು ಅವನ ಕೈ. ನಾನು ಅದನ್ನೇ ನೋಡ್ತಿದ್ದೆ, ಎತ್ತಲ್ಲ, ಎತ್ತಲ್ಲ ಅಂತ. ನೀನು ಯಾಕೆ ಮೊದಲು ಎತ್ತಿದೆ?"

ಡಿಲಿಸ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಪ್ಯಾರಿ ನನ್ನ ಮದುವೆ ಆಗ್ತೀನಿ ಅಂದು ಎರಡು ವಾರ ಆಗಿತ್ತು. ಅವರಮ್ಮ ನನ್ನ ಹಿಂದೇನೇ ಕೂತಿದ್ರು. ನಾನು ನಿನ್ನ ಥರ ಅಲ್ಲ ಅಂತ ಅವರಿಗೆ ಗೊತ್ತಾಗ್ಬೇಕಿತ್ತು."

"ಆಯ್ತಲ್ಲ ಮದುವೆ. ಚೆನ್ನಾಗಿ ನೋಡ್ಕೊಂಡ್ನಾ?"

ಡಿಲಿಸ್ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಇಲ್ಲ," ಅಂದಳು. "ಒಂದು ದಿನಾನೂ ಇಲ್ಲ."

ಮಾರ್ಗೆಡ್ ಬೆನ್ನು ಹಿಂದಕ್ಕೆ ಒರಗಿಸಿದಳು. ಅಮ್ಮನ ಮುಖ ಅಷ್ಟು ಹಗುರಾದದ್ದನ್ನು ಮೇನಿರ್ ಹಿಂದೆಂದೂ ಕಂಡಿರಲಿಲ್ಲ. ಬಿಸಿಲಿಗೆ ಹಾಕಿದ ಬಟ್ಟೆಯ ಹಾಗಿತ್ತು.

"ಸರಿ. ಇವಳು ಈ ಮನೇಲಿ ಕೂರಬಹುದು ಅನ್ನೋರು ಕೈ ಎತ್ತಿ."

ಇದ್ವಾಲ್ ಕಪ್ಪಿನ ಸಮೇತ ಕೈ ಎತ್ತಿದ. "ಸಾಕು ಅತ್ತೆ, ಬಿಟ್ಬಿಡಿ. ವಯಸ್ಸಾಗಿದೆ ಅವರಿಗೆ."

"ನೀನು ಅಳಿಯ. ನಿನ್ನ ಓಟು ನಡೆಯಲ್ಲ. ಕೆಳಗಿಳಿಸು."

ಉಳಿದದ್ದು ಮೇನಿರ್. ಡಿಲಿಸ್ ನಿಧಾನವಾಗಿ ಅವಳ ಕಡೆ ತಿರುಗಿದಳು. ಮೇನಿರಳ ಕೈಗಳು ಅಪ್ರನ್ನಿನ ಜೇಬಿನಲ್ಲಿದ್ದವು. ಶಾಲೆಯ ಹುಡುಗಿಯರು ಆಟಕ್ಕೆ ಸೇರಿಸದೆ ಗೋಡೆಗೆ ನಿಲ್ಲಿಸಿದ ಮಧ್ಯಾಹ್ನಗಳು, ಅಂಗಡಿಯ ಗಾಜಿನಾಚೆ ತನ್ನನ್ನು ನೋಡಿಯೂ ನೋಡದೆ ಮಿಠಾಯಿ ತೂಗುತ್ತಿದ್ದ ಇದೇ ಮುಖ, ಎಲ್ಲ ನೆನಪಾಯಿತು. ಕೈ ಹೊರಗೆ ಬರಲಿಲ್ಲ. ಎದೆಯೊಳಗೆ ಬಿಸಿ ಬೆಲ್ಲ ಕರಗಿದಂತಾಯಿತು. ಆ ಖುಷಿ ಸುಳ್ಳಲ್ಲ, ಅವಳು ಅದನ್ನು ಯಾವತ್ತೂ ಮುಚ್ಚಿಡಲೂ ಇಲ್ಲ.

"ಬಾಗಿಲು ಆ ಕಡೆ ಇದೆ," ಅಂದಳು ಮಾರ್ಗೆಡ್. "ಡಬ್ಬಿ ತಗೊಂಡು ಹೋಗು."

ಮಳೆ ಬಂದು ಹಾಸುಗಲ್ಲು ಜಾರುತ್ತಿತ್ತು. ಬಿದ್ದುಗಿದ್ದಾಳೆಂದು ಇದ್ವಾಲ್ ಹೆಂಡತಿಯನ್ನು ಹಿಂದೆ ಕಳಿಸಿದ. ಮೇನಿರ್ ಎರಡು ಹೆಜ್ಜೆ ಹಿಂದೆ ನಡೆದಳು, ತೋಳು ಕೊಡಲಿಲ್ಲ. ತನ್ನ ಮನೆಯ ಮುಂದೆ ಡಿಲಿಸ್ ನಿಂತು ಏದುಸಿರು ಬಿಟ್ಟಳು.

"ನೀನಾದ್ರೂ ಎತ್ತುತೀಯ ಅಂದ್ಕೊಂಡಿದ್ದೆ."

"ಯಾಕೆ?"

ಡಿಲಿಸ್ ಬೀಗ ತೆರೆದು ಒಳಗೆ ಹೋದಳು.

ಸುದ್ದಿ ಸೋಮವಾರದೊಳಗೆ ಕಣಿವೆಯೆಲ್ಲ ಹಬ್ಬಿತು. ಮುದುಕಿಯನ್ನು ನಿಲ್ಲಿಸಿದ್ದು ತಪ್ಪು ಅಂದವರು ಕೆಲವರು. ಇಷ್ಟು ತಡವಾಗಿದ್ದೇ ತಪ್ಪು ಅಂದವರೂ ಇದ್ದರು. ಮಾರ್ಗೆಡ್ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ದಿನವೂ ಅಪ್ಪನ ಜಾಗದಲ್ಲಿ ಕೂತು ಉಂಡಳು, ಎರಡನೇ ಸಲ ಬಡಿಸಿಕೊಂಡಳು, ಮೈ ಕೈ ತುಂಬಿಕೊಂಡಳು.

ಎರಡು ವರ್ಷ ಕಳೆದು ಬೇಸಿಗೆಯ ಒಂದು ಮಧ್ಯಾಹ್ನ ಮನೆಮನೆಗೆ ಬರುವ ನರ್ಸು ಬಾಗಿಲಿಗೆ ಬಂದು ಹೇಳಿದಳು: ಮಿಸೆಸ್ ಪ್ಯಾರಿ ಹಾಸಿಗೆ ಹಿಡಿದಿದ್ದಾರೆ, ತುಂಬಾ ದಿನ ಇಲ್ಲ, ತಂಗಿಯನ್ನು ನೋಡಬೇಕಂತೆ. ಮಾರ್ಗೆಡ್ ಬಟಾಣಿ ಸುಲಿಯುತ್ತಿದ್ದಳು. ನರ್ಸು ಹೋದ ಮೇಲೂ ಸುಲಿಯುತ್ತಲೇ ಇದ್ದಳು.

"ಏನು ಹೇಳ್ಲಿ?" ಅಂದಳು ಮೇನಿರ್.

"ಬರಲ್ಲ ಅನ್ನು."

ಮೇನಿರ್ ಹೋಗಿ ಹಾಗೆಯೇ ಹೇಳಿದಳು. ಮಾತು ಬದಲಿಸಲಿಲ್ಲ, ಮೆತ್ತಗೂ ಮಾಡಲಿಲ್ಲ. ಡಿಲಿಸ್ ಕಣ್ಣು ಮುಚ್ಚಿ ಕೇಳಿಸಿಕೊಂಡು, ನೀರು ಬೇಕು ಅಂದಳು. ಪಕ್ಕದ ಮನೆಯವರು ಹೊರಗೆ ಹೋಗಿದ್ದರು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇನಿರ್ ಅವಳ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ ಕುಡಿಸಿದಳು. ಪಕ್ಕದ ಮನೆಯವರು ಬರುವತನಕ ಹಾಸಿಗೆಯ ಹತ್ತಿರ ಕೂತಿದ್ದಳು.

"ಹೇಳಿದ್ಯಾ?" ಅಂತ ಕೇಳಿದಳು ಮಾರ್ಗೆಡ್, ಮನೆಗೆ ಬಂದ ಕೂಡಲೇ.

"ಹೇಳ್ದೆ."

"ಇಷ್ಟು ಹೊತ್ತು?"

"ದಾರೀಲಿ ಯಾರೋ ಸಿಕ್ಕಿದ್ರು."

ಮಾರ್ಗೆಡ್ ಮಗಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಬುಟ್ಟಿಯನ್ನು ಅವಳ ಕಡೆ ತಳ್ಳಿದಳು. ಮೇನಿರ್ ಕೂತು ಬಟಾಣಿ ಸುಲಿಯತೊಡಗಿದಳು.