ಬಾಚಿಯ ಕೂದಲು, ರಿಬ್ಬನ್ನಿನ ಹೊಟ್ಟೆ

ಇಪ್ಪತ್ತಾರು ವರ್ಷದಿಂದ ಜನರ ತಲೆ ನನ್ನ ಕೈಯಲ್ಲಿದೆ. ಕುರ್ಚಿಯಲ್ಲಿ ಕೂತವರ ಕೂದಲಿಗೆ ಬೆರಳು ಹಾಕಿದರೆ ಸಾಕು, ಜ್ವರದಿಂದ ಎದ್ದವರು ಯಾರು, ನಿದ್ದೆಗೆಟ್ಟವರು ಯಾರು ಅಂತ ಹೇಳಿಬಿಡುತ್ತೇನೆ. ಒಮ್ಮೆ ಗಿರಾಕಿಯೊಬ್ಬರ ಕೂದಲು ಒಣಹುಲ್ಲಿನಂತೆ ಕೈಗೆ ಸಿಕ್ಕಿತು. ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದೆ. ಅದೇ ಆಗಿತ್ತು. ಅಂದಿನಿಂದ ಬೀದಿಯವರ ಬಾಯಲ್ಲಿ ನಾನು ಅರ್ಧ ಡಾಕ್ಟರ್. ಅವರು ತಮಾಷೆಗೆ ಅಂದದ್ದನ್ನು ನಾನು ನಿಜ ಅಂದುಕೊಂಡೆ. ಎಡವಟ್ಟಾದದ್ದು ಅಲ್ಲೇ.

ನನ್ನ ಮನೆಯ ಬಾಚಿ, ತಂಗಿಯ ಮನೆಯ ರಿಬ್ಬನ್, ಎರಡೂ ಒಂದೇ ತಾಯಿಯ ಹೆಣ್ಣು ನಾಯಿಗಳು. ಜೋಲು ಕಿವಿ, ಉದ್ದ ಕೂದಲು, ತಾಮ್ರದ ಬಣ್ಣ. ಮರಿಯಾಗಿದ್ದಾಗ ನನ್ನ ಬಾಚಣಿಗೆ ಕಡಿದುಹಾಕಿದ್ದು ಬಾಚಿ. ತಂಗಿ ಟೈಲರ್, ಅವಳ ಅಂಗಡಿಯ ರಿಬ್ಬನ್ ಸುರುಳಿಯನ್ನೆಲ್ಲ ಬಿಚ್ಚಿ ಮೈಗೆ ಸುತ್ತಿಕೊಂಡದ್ದು ರಿಬ್ಬನ್.

ಹೋದ ವರ್ಷ ಬಾಚಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದೆ. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಹತ್ತು ದಿನದಲ್ಲಿ ಗಾಯ ಮಾಯಿತು. ಆದರೆ ಏಳೆಂಟು ತಿಂಗಳಾಗುವಷ್ಟರಲ್ಲಿ, ರೇಷ್ಮೆಯಂತೆ ಜಾರುತ್ತಿದ್ದ ಕೂದಲು ಹಿಂಜಿದ ಹತ್ತಿಯಂತಾಯಿತು. ತೊಡೆಯ ಹಿಂದೆ, ಕಿವಿಯ ಕೆಳಗೆ ಬರೀ ಗಂಟು. ಹೊಳಪು ಹೋಗಿ ತುಕ್ಕಿನ ಬಣ್ಣ ಬಂತು. ಮೈ ಬೇರೆ ಊದಿಕೊಂಡು, ಅಂಗಡಿಯ ಮೂಲೆಯಲ್ಲಿ ಮಲಗಿದರೆ ಯಾರೋ ದಿಂಬು ಬಿಟ್ಟುಹೋದ ಹಾಗೆ ಕಾಣುತ್ತಿತ್ತು.

ಅದೇ ಹೊತ್ತಿಗೆ ತಂಗಿ ರಿಬ್ಬನ್‌ನ ಕರೆದುಕೊಂಡು ಅಂಗಡಿಗೆ ಬಂದಳು.

"ಅಣ್ಣ, ನಾಳಿದ್ದು ಇದಕ್ಕೂ ಆಪರೇಷನ್ ಗೊತ್ತುಮಾಡಿದೀನಿ. ಮಾಡಿಸ್ಲಾ, ಬೇಡ್ವಾ? ನೀನು ಹೇಳಿದ ಹಾಗೆ."

ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಕೂರಿಸಿ ಒಂದೇ ಬಾಚಣಿಗೆ ಎಳೆದು ನೋಡಿದೆ. ರಿಬ್ಬನ್ ಬೆನ್ನಿನ ಮೇಲೆ ಅದು ನೀರಿನಂತೆ ಹರಿಯಿತು. ಬಾಚಿಯ ಮೈಯಲ್ಲಿ ಮೂರು ಕಡೆ ಸಿಕ್ಕಿಹಾಕಿಕೊಂಡಿತು. ತನ್ನ ತಪ್ಪೇನಿದೆ ಅನ್ನುವಂತೆ ಬಾಚಿ ನನ್ನ ಮುಖ ನೋಡಿತು.

ಅರ್ಧ ಕ್ಷೌರದಲ್ಲಿ ಕುರ್ಚಿಯಲ್ಲಿದ್ದ ಮೇಷ್ಟ್ರು ಕನ್ನಡಿಯಲ್ಲೇ ನೋಡಿ, "ಒಂದೇ ಥಾನಿನ ಬಟ್ಟೆ, ಒಂದನ್ನ ಬಿಸಿನೀರಿಗೆ ಹಾಕಿದಂಗಿದೆ," ಎಂದರು.

"ಬೇಡ ಕಣೇ," ಎಂದೆ ತಂಗಿಗೆ. "ಕೂದಲೇ ಹೇಳ್ತಿದೆಯಲ್ಲ, ಇದರ ಒಳಗೇನೋ ಏರುಪೇರಾಗಿದೆ ಅಂತ. ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀಯ?"

ಅವಳು ನಿಂತಲ್ಲೇ ಫೋನ್ ಮಾಡಿ ಆಪರೇಷನ್ ಬೇಡವೆಂದಳು.

ಬಾಚಿಯನ್ನು ಆಪರೇಷನ್ ಮಾಡಿದ್ದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ, ಜಗಳ ಆಡುವ ಮನಸ್ಸಿನಲ್ಲೇ. ಅವರು ಕೂದಲು ಬಿಡಿಸಿ ನೋಡಿದರು, ರಕ್ತ ತೆಗೆದರು. ಎರಡು ದಿನ ಬಿಟ್ಟು ಹೋದಾಗ ಥೈರಾಯ್ಡ್ ಸರಿಯಾಗಿದೆ ಎಂದರು.

"ಆಪರೇಷನ್ ಆದ್ಮೇಲೆ ಹಾರ್ಮೋನು ಕಮ್ಮಿಯಾಗುತ್ತೆ. ಇಂಥ ಉದ್ದ ಕೂದಲಿನ ಕೆಲವು ನಾಯಿಗಳಿಗೆ ಒಳಗಿನ ಮೆತ್ತನೆ ಕೂದಲು ಜಾಸ್ತಿ ಬೆಳೆಯುತ್ತೆ. ನೋಡೋಕೆ ಚೆನ್ನಾಗಿರಲ್ಲ, ಕಾಯಿಲೆಯಲ್ಲ."

"ದಪ್ಪ ಆಗಿದೆಯಲ್ಲ?"

"ಮೊದಲಿನಷ್ಟೇ ಊಟ ಹಾಕ್ತಿದೀರಾ?"

"ಸ್ವಲ್ಪ ಜಾಸ್ತೀನೇ. ಪಾಪ, ಆಪರೇಷನ್ ಆಗಿದೆ ಅಂತ."

"ಎಂಟು ತಿಂಗಳಿಂದ ಪಾಪ ಅಂತಲೇ ಇದೀರಾ? ಮೊದಲಿಗಿಂತ ಕಮ್ಮಿ ಹಾಕ್ಬೇಕು ರೀ."

"ಆಪರೇಷನ್ ಒಳ್ಳೇದೋ ಕೆಟ್ಟದ್ದೋ, ಒಂದು ಮಾತಲ್ಲಿ ಹೇಳಿ ಡಾಕ್ಟರಮ್ಮ."

"ಒಂದು ಮಾತಲ್ಲಿ ಬರಲ್ಲ. ಕೆಲವಕ್ಕೆ ಆಮೇಲೆ ಗೊತ್ತಿಲ್ಲದೆ ಮೂತ್ರ ಸೋರುತ್ತೆ, ಅದಕ್ಕೆ ಔಷಧಿ ಇದೆ. ಆದ್ರೆ ಆಪರೇಷನ್ ಆಗದೇ ಇರೋವಕ್ಕೆ ಗರ್ಭಕೋಶದಲ್ಲಿ ಕೀವು ತುಂಬಬಹುದು. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಬರುತ್ತೆ. ಸಿಕ್ಕಾಪಟ್ಟೆ ನೀರು ಕುಡೀತಾವೆ, ಊಟ ಬಿಡ್ತಾವೆ. ತಡ ಮಾಡಿದ್ರೆ ಜೀವ ಹೋಗುತ್ತೆ."

ದಾರಿಯುದ್ದಕ್ಕೂ ತಲೆ ಕೆಟ್ಟು ಮೊಸರಾಯಿತು. ಕೂದಲು ಕೆಟ್ಟಿದೆ, ನಾಯಿ ಕೆಟ್ಟಿಲ್ಲ. ಇದೆಂಥ ಲೆಕ್ಕ? ತಂಗಿಗೆ ಹೇಳಬೇಕು ಅಂದುಕೊಂಡೆ. ಏನಂತ ಹೇಳುವುದು? ಮೊನ್ನೆ ಬೇಡ ಅಂದವನು ಇವತ್ತು ಬೇಕು ಅಂದರೆ ಮರ್ಯಾದೆ ಏನು ಉಳಿಯುತ್ತದೆ? ಬೇಕು ಅನ್ನುವ ಧೈರ್ಯವೂ ನನಗಿರಲಿಲ್ಲ. ಮಿರಮಿರ ಮಿಂಚುವ ರಿಬ್ಬನ್‌ನ ನೋಡಿದಾಗಲೆಲ್ಲ ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಗುತ್ತಿತ್ತು. ಅಷ್ಟರಲ್ಲಿ ಅದಕ್ಕೆ ಬೆದೆ ಬಂದು ಹೋಯಿತು.

ಒಂದು ತಿಂಗಳ ಮೇಲೆ ತಂಗಿಯ ಫೋನು. "ಅಣ್ಣ, ರಿಬ್ಬನ್ ಬಕೆಟ್‌ಗಟ್ಟಲೆ ನೀರು ಕುಡೀತಿದೆ. ನಿನ್ನೆಯಿಂದ ಊಟ ಮುಟ್ಟಿಲ್ಲ. ಒಂದ್ಸಲ ಬಂದು ನೋಡು."

ಹೋದೆ. ಹೊಲಿಗೆ ಯಂತ್ರದ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ ಮಲಗಿತ್ತು. ಅಭ್ಯಾಸಬಲದಿಂದ ಕೈ ಮೊದಲು ಬೆನ್ನಿನ ಮೇಲೇ ಹೋಯಿತು. ಅದೇ ರೇಷ್ಮೆ. ಮನಸ್ಸು ಹಗುರಾಯಿತು.

"ಏನೂ ಆಗಿಲ್ಲ ಕಣೇ, ಕೂದಲು ಎಷ್ಟು ಚೆನ್ನಾಗಿದೆ. ಬಿಸಿಲಿಗೆ ದಾಹ," ಅನ್ನುತ್ತಿರುವಾಗಲೇ ಕೈ ಜಾರಿ ಹೊಟ್ಟೆಗೆ ತಾಗಿತು. ಗಾಳಿ ತುಂಬಿದ ಚೆಂಡಿನಂತೆ ಬಿಗಿದುಕೊಂಡಿತ್ತು. ಮುಟ್ಟಿದ್ದಕ್ಕೆ ನಾಯಿ ನರಳಿತು.

"ಎಷ್ಟು ದಿನದಿಂದ ನೀರು ಕುಡೀತಿದೆ?"

"ನಾಲ್ಕು ದಿನ."

"ಎದ್ದೇಳು. ಇದನ್ನ ಬಟ್ಟೆಯಲ್ಲಿ ಸುತ್ತು. ಗಾಡಿ ಕರೀತೀನಿ."

ಗಾಡಿಯಲ್ಲಿ ಬಾಯಿ ಬಿಟ್ಟೆ. "ಡಾಕ್ಟರಮ್ಮ ನನಗೆ ಇದನ್ನ ಮೊದಲೇ ಹೇಳಿದ್ರು. ಹಿಂಗಾದ್ರೆ ತಡ ಮಾಡಬಾರದು ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಕೂದಲು ಚೆನ್ನಾಗಿತ್ತಲ್ಲ."

ಅವಳು ಅವಸರದಲ್ಲಿ ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು.

ಆಗಿಂದಾಗಲೇ ಆಪರೇಷನ್ ಆಯಿತು, ಕೀವು ತುಂಬಿದ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಡಾಕ್ಟರಮ್ಮ ಹೊರಗೆ ಬಂದು, "ಇನ್ನೊಂದು ದಿನ ಬಿಟ್ಟಿದ್ರೆ ಒಳಗೇ ಒಡೀತಿತ್ತು. ಈಗಲೂ ಎರಡು ದಿನ ಏನೂ ಹೇಳೋಕಾಗಲ್ಲ," ಎಂದರು. ಆ ಎರಡು ದಿನ ನನ್ನ ಕತ್ತರಿ ನೆಟ್ಟಗೆ ಓಡಲಿಲ್ಲ. ಮೇಷ್ಟ್ರ ಒಂದು ಕಡೆ ಮೀಸೆ ಸಣ್ಣದಾಯಿತು. ಪುಣ್ಯಾತ್ಮರು ಅದೇ ಮುಖದಲ್ಲಿ ಶಾಲೆಗೆ ಹೋದರು. ಮೂರನೆಯ ದಿನ ರಿಬ್ಬನ್ ತಂಗಿಯ ಕೈಯಿಂದ ನಾಲ್ಕು ತುತ್ತು ತಿಂದಿತು.

ಈಗ ಅದಕ್ಕೂ ಎಂಟು ತಿಂಗಳಾಗಿದೆ. ಮೊನ್ನೆ ತಂಗಿ ಮತ್ತೆ ಅಂಗಡಿಗೆ ಬಂದಳು. ರಿಬ್ಬನ್ ಮೈತುಂಬ ಹಿಂಜಿದ ಹತ್ತಿ.

"ಏನು ಅರ್ಧ ಡಾಕ್ಟರೇ, ಈಗೇನು ಹೇಳುತ್ತೆ ಕೂದಲು?"

ಬಾಚಣಿಗೆ ಎಳೆದೆ. ಸಿಕ್ಕಿಕೊಂಡಿತು. ಹೊಳೆಯುತ್ತಿದ್ದಾಗ ಸಾಯುವಂತಿತ್ತು, ಮಂಕಾದ ಮೇಲೆ ಬಾಲ ಬಡಿದು ಬೆಂಚು ಅಲ್ಲಾಡಿಸುತ್ತಿದೆ. ನಾಳೆ ಇನ್ಯಾರಾದರೂ ನಾಯಿ ತಂದು ಕೇಳಿದರೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು.

"ಗಂಟಾಗಿದೆ ಅನ್ನುತ್ತೆ," ಎಂದೆ.

"ಅಷ್ಟೇನಾ?"

"ಅಷ್ಟೇ. ಉಳಿದದ್ದು ನಂಗೊತ್ತಿಲ್ಲ ಕಣೇ. ಡಾಕ್ಟರಮ್ಮನ್ನ ಕೇಳು."

"ಅಂತೂ ಆ ಮಾತು ನಿನ್ನ ಬಾಯಲ್ಲಿ ಬಂತು," ಎಂದು ತಂಗಿ ಬೆಂಚಿನ ತುದಿಗೆ ಕೂತಳು.

ಬಾಚಣಿಗೆ ಕೆಳಗಿಟ್ಟು ರಿಬ್ಬನ್ ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿತ್ತು. ಪಕ್ಕದಲ್ಲೇ ಮಲಗಿದ್ದ ಬಾಚಿಯದನ್ನೂ ನೋಡಿದೆ. ಆಮೇಲೆ ಒಂದೊಂದೇ ಗಂಟು ಬಿಡಿಸಲು ಶುರುಮಾಡಿದೆ.