ಹೆಬ್ಬೆರಳಿನಡಿಯ ಸಾಲು

ತೀರಿಹೋದ ಅಪ್ಪನ ಹೆಬ್ಬೆರಳನ್ನು ಮಗಳು ಮೂರನೆಯ ಸಲ ಫೋನಿಗೆ ಒತ್ತಿದಳು. ಫೋನು ತೆರೆಯಲಿಲ್ಲ.

"ಬದುಕಿದ್ದಾಗಲೇ ಆ ಬೆರಳನ್ನ ಅದು ಒಪ್ತಿರ್ಲಿಲ್ಲ ಕಣೇ. ಗಿರಣಿ ಕಲ್ಲು ರೇಖೆಯನ್ನೆಲ್ಲ ತಿಂದು ಹಾಕಿತ್ತು," ಎಂದಳು ತಾಯಿ. "ಗಿರಣಿ ಮೀಟರ್ ನಂಬರಿನ ಕೊನೇ ನಾಲ್ಕು ಅಂಕಿ ಒತ್ತು."

ಮೈದುನ ಬಾಗಿಲಿಗೆ ಬಂದ. "ಅತ್ತಿಗೆ, ಅಪ್ಪ ಅಮ್ಮನ ಪಕ್ಕ ಗುಂಡಿ ತೋಡಿಯಾಯ್ತು. ಫಾದರ್ ಬಂದು ಅರ್ಧ ಗಂಟೆ ಆಯ್ತು. ಅಣ್ಣನ್ನ ಹೀಗೆ ಮಲಗಿಸ್ಕೊಂಡು ಫೋನ್ ನೋಡ್ತಾ ಕೂತ್ರೆ ಜನ ಏನಂತಾರೆ?"

"ಏನಾದ್ರೂ ಅನ್ಲಿ. ಗ್ರಂಥಾಲಯದವರ ಉತ್ತರ ಬಂದಿದ್ಯಾ ನೋಡ್ದೆ ಪೆಟ್ಟಿಗೆ ಎತ್ತೋಕೆ ಬಿಡಲ್ಲ."

*

ಆ ಗಂಡಹೆಂಡಿರ ಚೊಚ್ಚಲ ಕೂಸು ಜ್ಞಾನಸ್ನಾನಕ್ಕೂ ಮುಂಚೆ, ಹುಟ್ಟಿದ ಮೂರೇ ತಾಸಿಗೆ ಹೋಗಿತ್ತು. ಜ್ಞಾನಸ್ನಾನವಾಗದ್ದಕ್ಕೆ ಒಳಗೆ ಜಾಗವಿಲ್ಲವೆಂದು ಆಗಿನ ಗುರುಗಳು ಅದನ್ನು ಸ್ಮಶಾನದ ಗೋಡೆಯಾಚೆ ಹೂಳಿಸಿದ್ದರು. ಅಜ್ಜಿಯ ಸಮಾಧಿಗೂ ಕೂಸಿಗೂ ನಾಲ್ಕೇ ಅಡಿ, ನಡುವೆ ಗೋಡೆ.

ಅಂಥ ಕೂಸುಗಳಿಗೆ ಸ್ವರ್ಗ ಉಂಟೋ ಇಲ್ಲವೋ? ಈಗಿನವರ ಸಮಾಧಾನದ ಮಾತು ಗಿರಣಿಯವನಿಗೆ ಹಿಡಿಸಲಿಲ್ಲ. ಇಂಥ ಗೋಡೆಯ ಕಟ್ಟಳೆ ಮಾಡಿದ ಕಾಲದವರೇ ಹೇಳಲಿ ಎಂದು ಹಠ ಹಿಡಿದ. ನಿಘಂಟು ಮಡಿಲಲ್ಲಿಟ್ಟುಕೊಂಡು ಲ್ಯಾಟಿನ್ ಕಲಿತ. ಕಾಳು ಸುರಿದು ಹಿಟ್ಟು ಬೀಳುವಷ್ಟು ಹೊತ್ತಿನಲ್ಲಿ, ಎಂಟುನೂರು ವರ್ಷದ ಹಿಂದಿನ ಸನ್ಯಾಸಿಗಳ ಪುಟಗಳನ್ನು ಅಂತರ್ಜಾಲದಲ್ಲಿ ಹುಡುಕಿ, ಕನ್ನಡಕದ ಹಿಟ್ಟು ಒರೆಸಿಕೊಳ್ಳುತ್ತ ಓದಿದ. ಹನ್ನೊಂದು ವರ್ಷ. ಕೊನೆಗೊಬ್ಬ ಸನ್ಯಾಸಿ ಇದೇ ಪ್ರಶ್ನೆ ಎತ್ತಿದ್ದು ಸಿಕ್ಕಿತು. ಆದರೆ ಉತ್ತರದ ಸಾಲಿನ ಮೇಲೆ, ಪುಟದ ಚಿತ್ರ ತೆಗೆದವರ ಹೆಬ್ಬೆರಳು ಕೂತಿತ್ತು.

"ಸ್ವಲ್ಪ ಸರಿಯೋ ಮಾರಾಯಾ," ಎಂದು ದಿನವೂ ಅದನ್ನು ಬೇಡುತ್ತಿದ್ದ.

"ಆ ಬೆರಳನ್ನೇ ಕಟ್ಕೊಳ್ಬೇಕಿತ್ತು ನೀವು," ಎನ್ನುತ್ತಿದ್ದಳು ಹೆಂಡತಿ.

ಪುಟದ ಚಿತ್ರ ಮತ್ತೆ ತೆಗೆದು ಕಳಿಸಿ ಎಂದು ಆ ಹೊತ್ತಗೆ ಇದ್ದ ಗ್ರಂಥಾಲಯಕ್ಕೆ ಬರೆದ. ಹೋದ ವಾರ ಉಸಿರು ಕಟ್ಟುತ್ತಿದ್ದಾಗ ಹೇಳಿದ್ದ: "ಉಂಟು ಅಂತಿದ್ರೆ ನನ್ನ ಅಪ್ಪ ಅಮ್ಮನ ಪಕ್ಕ ಮಲಗ್ಸು. ಇಲ್ಲ ಅಂತಿದ್ರೆ ಗೋಡೆಯಾಚೆ. ಕೂಸೊಂದನ್ನೇ ಅಲ್ಲಿ ಬಿಡೋಕಾಗಲ್ಲ ಕಣೇ."

*

"ಬಂದಿದೆ ಅಮ್ಮಾ!"

ಪುಟ ತೆರೆಯಲೊಲ್ಲದು. ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ತಾಯಿ ಪೆಟ್ಟಿಗೆಯ ಅಂಚು ಬಿಗಿಹಿಡಿದಳು. ಕೊನೆಗೆ ಪುಟ ತೆರೆದಾಗ, ಲ್ಯಾಟಿನ್ ಬಲ್ಲ ಗುರುಗಳು ಫೋನು ಇಸಿದುಕೊಂಡು ತುಟಿಯಲ್ಲೇ ಓದಿದರು, ಮತ್ತೊಮ್ಮೆ ಓದಿದರು.

"ಉಂಟಂತೋ, ಇಲ್ಲವಂತೋ? ಹೇಳಿಬಿಡಿ ಫಾದರ್."

"ಎರಡೂ ಅಲ್ಲಮ್ಮ. 'ನಾನರಿಯೆ. ಆದರೆ ಹೆತ್ತವಳು ಎದುರು ನಿಂತು ಕೇಳಿದರೆ, ಇಲ್ಲ ಎನ್ನಲು ನನಗೆ ನಾಲಿಗೆ ಏಳದು.' ಇಷ್ಟೇ ಇರೋದು."



"ಹಾಗಾದ್ರೆ ಈಗ ಒಳಗೋ, ಆಚೆಗೋ?" ಎಂದ ಮೈದುನ.

ಅವಳು ಗಂಡನ ಕೈಯನ್ನು ಮತ್ತೆ ಎದೆಯ ಮೇಲೆ ಸರಿಯಾಗಿ ಇಟ್ಟಳು. "ಗುಂಡಿ ಅಲ್ಲೇ ಇರ್ಲಿ. ಗೋಡೆ ಕೀಳ್ಸಿ."

"ಅತ್ತಿಗೆ! ಫಾದರ್ ಎದುರಿಗೇ..."

ಸ್ಮಶಾನಕ್ಕೆ ಹೊತ್ತು ತಂದು, ಗುಂಡಿಯ ಪಕ್ಕ ಪೆಟ್ಟಿಗೆ ಇಳಿಸಿದರು. ಮೈದುನ ಹಾರೆ ಹಿಡಿದು, ಗೋಡೆಯನ್ನೊಮ್ಮೆ ಗುರುಗಳನ್ನೊಮ್ಮೆ ನೋಡುತ್ತ ನಿಂತ. ಗುರುಗಳು ಪ್ರಾರ್ಥನೆಯ ಪುಸ್ತಕವನ್ನು ಮಗಳ ಕೈಗೆ ಕೊಟ್ಟು, ನಿಲುವಂಗಿಯ ತೋಳು ಮಡಚಿ, ಮೇಲಿನ ಕಲ್ಲಿನ ಒಂದು ತುದಿಗೆ ಕೈ ಹಾಕಿದರು.

"ಆ ಕಡೆ ಹಿಡಿಯಪ್ಪ."